ನಡೆದ ದಾರಿಯಲ್ಲಿ ನೀರು

ಇವತ್ತಿನ ಮಾತು ಘಟ್ಟದ ಕಾಲುದಾರಿಗಳ ಬಗ್ಗೆ. ಕುಮಾರ ಪರ್ವತ, ಕುದುರೆಮುಖ, ನೇತ್ರಾವತಿ ಶಿಖರ, ಬಂಡಾಜೆ ಅರ್ಬಿ, ಎತ್ತಿನ ಭುಜ. ಮಂಗಳೂರಿನ ಕಾಲೇಜು ಹುಡುಗ ಹುಡುಗಿಯರು ಈಗ ಈ ಹೆಸರುಗಳನ್ನು ಸಿಟಿ ಬಸ್ಸಿನ ಸ್ಟಾಪು ಹೇಳಿದಷ್ಟು ಸಲೀಸಾಗಿ ಹೇಳುತ್ತಾರೆ. ಶುಕ್ರವಾರ ರಾತ್ರಿ ಬ್ಯಾಗು ಕಟ್ಟಿ ಹೊರಟರೆ ಶನಿವಾರ ಮಧ್ಯಾಹ್ನ ತುದಿಯಲ್ಲಿ ನಿಂತು ಫೋಟೋ. ಅದರಲ್ಲಿ ತಪ್ಪೇನೂ ಇಲ್ಲ. ಗಾಳಿ ಕುಡಿದು, ಕಾಲು ನೋಯಿಸಿಕೊಂಡು ಬರುವುದು ಒಳ್ಳೆಯದೇ. ತುದಿಯ ಚಂದದ ಬಗ್ಗೆ ಹೇಳಲು ಸಾಕಷ್ಟು ಜನ ಇದ್ದಾರೆ. ನನ್ನ ಮಾತು ತುದಿಗೆ ಹೋಗುವ ದಾರಿಯ ಬಗ್ಗೆ. ಅರಣ್ಯ ಇಲಾಖೆ ಈಗ ಚಾರಣಿಗರನ್ನು ಎಣಿಸಿ ಬಿಡುತ್ತಿದೆ. ಎಣಿಸುವುದು ಸರಿ. ಆದರೆ ತಲೆ ಎಣಿಸಿದ ಮಾತ್ರಕ್ಕೆ ಬೆಟ್ಟ ಉಳಿಯುವುದಿಲ್ಲ. ಕಾಲಿಡುವ ನೆಲವನ್ನು ವರ್ಷವರ್ಷವೂ ನೋಡಿಕೊಳ್ಳಬೇಕು. ಈ ಒಂದು ವಾದವನ್ನು ಹಿಡಿದುಕೊಂಡು ಹದಿನೈದು ನಿಮಿಷ ನಿಮ್ಮೊಡನೆ ಮಾತಾಡುತ್ತೇನೆ.

ಮೊದಲು ಊರಿಗೂ ಬೆಟ್ಟಕ್ಕೂ ಇರುವ ಸಂಬಂಧ. ರೇಡಿಯೋದಲ್ಲಿ ನಕ್ಷೆ ತೋರಿಸಲು ಬರುವುದಿಲ್ಲ. ನಿಮ್ಮ ಬಲಗೈಯನ್ನೇ ನಕ್ಷೆ ಮಾಡೋಣ. ಮೂಡು ದಿಕ್ಕಿಗೆ ಮುಖ ಮಾಡಿ ಕೂತಿದ್ದೀರಿ ಎಂದುಕೊಳ್ಳಿ. ಅಂಗೈ ಮೇಲಾಗಿರುವಂತೆ ಬಲಗೈಯನ್ನು ಮುಂದಕ್ಕೆ ಚಾಚಿ, ಬೆರಳು ಬಿಡಿಸಿ. ಮಣಿಕಟ್ಟು ಮಂಗಳೂರು. ಬೆರಳ ತುದಿಗಳು ಘಟ್ಟ. ಕಿರುಬೆರಳಿನ ತುದಿಯಲ್ಲಿ, ಈಶಾನ್ಯಕ್ಕೆ, ಕುದುರೆಮುಖದ ಶ್ರೇಣಿ. ನೇತ್ರಾವತಿ ಅಲ್ಲಿಂದ ಇಳಿಯುತ್ತದೆ. ಹೆಬ್ಬೆರಳಿನ ತುದಿಯಲ್ಲಿ, ಆಗ್ನೇಯಕ್ಕೆ, ಕುಮಾರ ಪರ್ವತ, ಅಂದರೆ ಪುಷ್ಪಗಿರಿ. ಆ ಸೀಮೆಯ ನೀರು ಕುಮಾರಧಾರೆ. ನಡುವಿನ ಬೆರಳುಗಳು ಚಾರ್ಮಾಡಿ, ಶಿಶಿಲ, ಗುಂಡ್ಯದ ಕಡೆಯ ಹೊಳೆಗಳು. ನೇತ್ರಾವತಿಯೂ ಕುಮಾರಧಾರೆಯೂ ಅಂಗೈಯ ನಡುವೆ, ಉಪ್ಪಿನಂಗಡಿಯಲ್ಲಿ ಕೂಡುತ್ತವೆ. ಅಲ್ಲಿಂದ ಮುಂದೆ ಪಾಣೆಮಂಗಳೂರು, ಬಂಟ್ವಾಳ, ತುಂಬೆ. ತುಂಬೆಯ ಕಿಂಡಿ ಅಣೆಕಟ್ಟಿನಿಂದ ನಮ್ಮ ನಗರಕ್ಕೆ ದಿನಕ್ಕೆ ಸುಮಾರು 16 ಕೋಟಿ ಲೀಟರ್ ನೀರು ಬರುತ್ತದೆ. 2016ರ ಬೇಸಗೆ ನಿಮಗೆ ನೆನಪಿರಬಹುದು. 2019ರದ್ದೂ ನೆನಪಿರಬಹುದು. ನಳ್ಳಿಯಲ್ಲಿ ದಿನ ಬಿಟ್ಟು ದಿನ ನೀರು, ಬೀದಿಯಲ್ಲಿ ಟ್ಯಾಂಕರು. ಏಪ್ರಿಲ್, ಮೇ ತಿಂಗಳಲ್ಲಿ ಹೊಳೆಗೆ ಬರುವ ನೀರು ಆ ತಿಂಗಳ ಮಳೆಯದ್ದಲ್ಲ. ಹಿಂದಿನ ಮಳೆಗಾಲದಲ್ಲಿ ಗುಡ್ಡ ಕುಡಿದು ಇಟ್ಟುಕೊಂಡದ್ದು. ಚಾರಣಿಗ ತುಳಿಯುವ ನೆಲವೂ ಆ ಗುಡ್ಡದ ಮೈಯೇ.

ಹಾಗಾದರೆ ಗುಡ್ಡ ನೀರು ಕುಡಿಯುವುದು ಹೇಗೆ? ಕುದುರೆಮುಖದ ಸೀಮೆಯಲ್ಲಿ ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ. ಮಂಗಳೂರಿನ ಮಳೆಯನ್ನೇ ನಾವು ಜೋರು ಎನ್ನುತ್ತೇವೆ. ಅಲ್ಲಿಯದು ಇದರ ಒಂದೂವರೆ ಪಟ್ಟಿಗೂ ಮಿಕ್ಕಿದ್ದು. ಕುದುರೆಮುಖದ ತುದಿ ಸುಮಾರು 1,900 ಮೀಟರ್ ಎತ್ತರ, ಕುಮಾರ ಪರ್ವತ ಸುಮಾರು 1,700. ಇಷ್ಟು ಎತ್ತರದ ಬೆಟ್ಟಗಳ ಮೈ ಎರಡು ಬಗೆಯದು. ಗಾಳಿ ನೇರ ತಾಗದ ಮಡಿಕೆಗಳಲ್ಲಿ ಕುಳ್ಳು ಮರಗಳು ಒತ್ತಾಗಿ ಬೆಳೆದ ಶೋಲಾ ಕಾಡು. ಉಳಿದ ಏರೆಲ್ಲ ಹುಲ್ಲು. ದೂರದಿಂದ ಕಂಡವರು ಬೋಳುಗುಡ್ಡ ಎನ್ನುತ್ತಾರೆ. ಆದರೆ ಹುಲ್ಲಿನ ಬುಡ ಬಿಡಿಸಿದರೆ ಅಲ್ಲಿ ಗೇಣುದ್ದ ಕಪ್ಪು ಮಣ್ಣಿದೆ. ಕೊಳೆತ ಬೇರು, ಬದುಕಿದ ಬೇರು, ಎರೆಹುಳ ಕೊರೆದ ತೂತು, ಎಲ್ಲ ಸೇರಿ ಹೆಣೆದ ದಿಂಬಿನ ಹಾಗೆ. ಅದರ ಕೆಳಗೆ ಕೆಂಪು, ಹಳದಿ ಕಲ್ಲುಮಣ್ಣು. ಬಿದ್ದ ಮಳೆಯನ್ನು ತಡೆದು ನಿಧಾನಕ್ಕೆ ಕೆಳಗೆ ಇಳಿಸುವುದು ಮೇಲಿನ ಆ ಗೇಣುದ್ದದ ಪದರ. ಈಗ ಆ ಹುಲ್ಲಿನ ಮೇಲೆ ಒಬ್ಬ ನಡೆದ ಎನ್ನಿ. ಏನೂ ಆಗದು. ಹುಲ್ಲು ಬಾಗಿ ಮತ್ತೆ ಏಳುತ್ತದೆ. ನೂರು ಜನ ನಡೆದರು. ಹುಲ್ಲು ಹರಿಯುತ್ತದೆ. ಮಣ್ಣಿನ ತೂತುಗಳು ಮುಚ್ಚುತ್ತವೆ. ಇನ್ನೂ ನಡೆದರೆ ನೆಲ ಮಾಡಿನ ಹಂಚಿನಷ್ಟು ಗಟ್ಟಿಯಾಗುತ್ತದೆ. ಹಂಚು ನೀರು ಕುಡಿಯುವುದಿಲ್ಲ, ಜಾರಿಸುತ್ತದೆ. ಜೂನ್ ತಿಂಗಳ ಮಳೆ ಆ ಗಟ್ಟಿ ಪಟ್ಟಿಯ ಮೇಲೆ ಬಿದ್ದು, ಅದನ್ನೇ ತೋಡು ಮಾಡಿಕೊಂಡು ಓಡುತ್ತದೆ. ಒಂದೆರಡು ಮಳೆಗಾಲದಲ್ಲಿ ದಾರಿ ಪಾದ ಮುಳುಗುವಷ್ಟು ಆಳ. ಮತ್ತೆರಡರಲ್ಲಿ ಮೊಣಕಾಲಿನಷ್ಟು. ಅಂಥ ಕೊರಕಲಿನ ಎರಡು ಬದಿಯಲ್ಲೂ ಹುಲ್ಲಿನ ಬೇರು ಹರಿದ ಚಾಪೆಯ ನೂಲಿನಂತೆ ನೇತಾಡುತ್ತಿರುತ್ತದೆ. ತಳದಲ್ಲಿ ಕಪ್ಪು ಮಣ್ಣಿನ ಸುಳಿವಿಲ್ಲ, ಉರುಳುವ ಜಲ್ಲಿ ಮಾತ್ರ. ಜಲ್ಲಿಯ ಮೇಲೆ ಕಾಲು ಜಾರುತ್ತದೆ. ಆದ್ದರಿಂದ ಮುಂದೆ ಬಂದವನು ಕೊರಕಲು ಬಿಟ್ಟು ಬದಿಯ ಹುಲ್ಲಿನ ಮೇಲೆ ನಡೆಯುತ್ತಾನೆ. ಅಲ್ಲಿ ಎರಡನೆಯ ದಾರಿ ಹುಟ್ಟಿತು. ಅದೂ ಕೊರೆಯಿತು. ಮೂರನೆಯದು. ಹೀಗೆ ಒಂದೇ ಏರಿನಲ್ಲಿ ಉಗುರಿನಿಂದ ಪರಚಿದ ಗೆರೆಗಳಂತೆ ನಾಲ್ಕೈದು ದಾರಿ.

ಅಡಿಕೆ ತೋಟ ಇರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಡ್ಡದ ಬುಡದ ತೋಟದಲ್ಲಿ ನೀರು ಹೋಗಲು ಕಣಿ ತೋಡಿರುತ್ತಾರೆ. ಮಳೆ ಹಿಡಿಯುವ ಮೊದಲು ಕಣಿಯ ಹೂಳು ಬಿಡಿಸುತ್ತಾರೆ. ಬಿಡಿಸದ ವರ್ಷ ನೀರು ತನ್ನ ಇಷ್ಟದ ದಾರಿ ಹಿಡಿಯುತ್ತದೆ. ಅದು ಹಿಡಿಯುವುದು ಹೆಚ್ಚಾಗಿ ಆಳುಗಳು ನಡೆದು ನಡೆದು ಸವೆಸಿದ ಜಾಗವನ್ನೇ. ನೀರು ಮಹಾ ಸೋಮಾರಿ. ಇಳಿಯಲು ಅತಿ ನೆಟ್ಟಗಿನ ಇಳಿಜಾರು ಹುಡುಕುತ್ತದೆ. ಅವಸರದ ಚಾರಣಿಗನೂ ಹತ್ತಲು ಅದನ್ನೇ ಹುಡುಕುತ್ತಾನೆ. ಸುತ್ತು ದಾರಿ ಬಿಟ್ಟು ಮೂಗಿನ ನೇರಕ್ಕೆ ಹತ್ತಿದರೆ ಹತ್ತು ನಿಮಿಷ ಉಳಿಯುತ್ತದೆ. ಹಾಗಾಗಿ ಇಬ್ಬರ ಆಯ್ಕೆಯೂ ಒಂದೇ ಆಗುತ್ತದೆ. ಹಿಂದೆ ಘಟ್ಟ ಹತ್ತಿಳಿಯುತ್ತಿದ್ದ ಹೇರೆತ್ತಿನ ದಾರಿಗಳು ಹೀಗಿರಲಿಲ್ಲ. ಉಪ್ಪಿನ ಹೇರು ಹೊತ್ತ ಎತ್ತು ನೆಟ್ಟಗೆ ಹತ್ತಲಾರದು. ಆದ್ದರಿಂದ ದಾರಿ ಗುಡ್ಡದ ಹೊಟ್ಟೆಯನ್ನು ಬಳಸಿ, ತಿರುತಿರುಗಿ ಹೋಗುತ್ತಿತ್ತು. ಅಡ್ಡ ಹೋಗುವ ದಾರಿಯನ್ನು ನೀರು ದಾಟಿಕೊಂಡು ಹೋಗುತ್ತದೆ. ನೆಟ್ಟಗಿನ ದಾರಿಯಲ್ಲಿ ನೀರೇ ಪ್ರಯಾಣ ಮಾಡುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ನಮ್ಮ ಬೇಸಗೆಯ ನೀರು ಬೆಟ್ಟದ ಮೇಲುಮಣ್ಣಿನಿಂದ ಬರುತ್ತದೆ. ಕಾಲುದಾರಿ ಕೆಟ್ಟರೆ ಆ ಮಣ್ಣು ಹೋಗುತ್ತದೆ. ಈಗ ಎಣಿಕೆಯ ವಿಷಯಕ್ಕೆ ಬರೋಣ. 2024ರ ಜನವರಿ 26 ಶುಕ್ರವಾರ ಬಿತ್ತು. ಮೂರು ದಿನ ರಜೆ ಒಟ್ಟಿಗೆ ಸಿಕ್ಕಿತು. ಕುಮಾರ ಪರ್ವತಕ್ಕೆ ಸಾವಿರಾರು ಜನ ಒಮ್ಮೆಗೇ ಬಂದರು. ಕುಕ್ಕೆ ಸುಬ್ರಹ್ಮಣ್ಯದ ಕಡೆಯ ದಾರಿಯಲ್ಲಿ ಚಂಪಾಷಷ್ಠಿಯ ರಥಬೀದಿಯಂತೆ ಸಾಲು ನಿಂತದ್ದನ್ನು ರಾಜ್ಯವೆಲ್ಲ ಮೊಬೈಲಿನಲ್ಲಿ ನೋಡಿತು. ಆಮೇಲೆ ಸರಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿತು. ಅದೇ ವರ್ಷ ಮಳೆಗಾಲ ಕಳೆದ ಮೇಲೆ ಅರಣ್ಯ ವಿಹಾರ ಎಂಬ ಜಾಲತಾಣದ ಮೂಲಕ ಮತ್ತೆ ತೆರೆಯಿತು. ಒಂದು ದಾರಿಗೆ ದಿನಕ್ಕೆ 300 ಜನ ಮೀರಬಾರದು ಎಂಬುದು ನಿಯಮ. ಇದು ಒಳ್ಳೆಯ ಹೆಜ್ಜೆ. ತುದಿಯಲ್ಲಿ ತಳ್ಳಾಟ ತಪ್ಪಿತು. ದಾರಿ ತಪ್ಪಿದವರ ಲೆಕ್ಕ ಸಿಗುತ್ತದೆ. ಶೌಚ, ಕಸ, ಗಲಾಟೆ ಎಲ್ಲ ಒಂದು ಮಿತಿಗೆ ಬಂತು. ಆದರೆ ಸ್ವಲ್ಪ ಲೆಕ್ಕ ಹಾಕಿ. ಕುಮಾರ ಪರ್ವತ ತೆರೆದಿರುವುದು ಹೆಚ್ಚೆಂದರೆ ಅಕ್ಟೋಬರಿನಿಂದ ಜನವರಿ ತನಕ, ನಾಲ್ಕು ತಿಂಗಳು. ಮಳೆಗಾಲದಲ್ಲಿ ಜಾರಿಕೆ, ಬೇಸಗೆಯಲ್ಲಿ ಕಾಳ್ಗಿಚ್ಚು. ಆ ನಾಲ್ಕು ತಿಂಗಳೂ ಮುನ್ನೂರರ ಮಿತಿ ಭರ್ತಿಯಾದರೆ 36,000ಕ್ಕೂ ಹೆಚ್ಚು ಜನ. ಹೋಗಿ ಬರುವುದು ಸೇರಿಸಿದರೆ ಒಂದೇ ಗೆರೆಯ ಮೇಲೆ 72,000ಕ್ಕೂ ಹೆಚ್ಚು ಸಲ ತುಳಿತ. ನಿಯಮ ಮುರಿಯದೆ, ಒಬ್ಬನೂ ತಪ್ಪು ಮಾಡದೆ, ಇಷ್ಟು.

ಮುನ್ನೂರನ್ನು ನೂರೈವತ್ತಕ್ಕೆ ಇಳಿಸಿದರೆ ಹಾನಿ ಅರ್ಧವಾಗುತ್ತದಲ್ಲ ಎಂದು ನೀವು ಕೇಳಬಹುದು. ಆಗುವುದಿಲ್ಲ. ಇದು ಊಹೆಯ ಮಾತಲ್ಲ. ಅಮೆರಿಕದಲ್ಲಿ ಡೇವಿಡ್ ಕೋಲ್ ಎಂಬ ವಿಜ್ಞಾನಿ ದಶಕಗಟ್ಟಲೆ ಇದನ್ನೇ ಅಭ್ಯಾಸ ಮಾಡಿದರು. ಬೇರೆ ಬೇರೆ ಬೆಟ್ಟದ ಹುಲ್ಲು, ಗಿಡಗಳ ಮೇಲೆ ಎಣಿಸಿದಷ್ಟು ಸಲ ಜನರನ್ನು ನಡೆಸಿ, ಏನು ಉಳಿಯಿತು ಎಂದು ಅಳೆದರು. ಅವರಿಗೆ ಕಂಡದ್ದು ಇದು. ಮೊದಲ ಕೆಲವು ನೂರು ತುಳಿತಗಳಲ್ಲೇ ಹೆಚ್ಚಿನ ಹಾನಿ ಆಗಿಹೋಗುತ್ತದೆ. ಆಮೇಲೆ ಜನ ಎಷ್ಟು ಹೆಚ್ಚಿದರೂ ಹಾನಿ ಅದೇ ವೇಗದಲ್ಲಿ ಹೆಚ್ಚುವುದಿಲ್ಲ. ಅಲ್ಲಿನ ಹುಲ್ಲು ಬೇರೆ, ನಮ್ಮ ಹುಲ್ಲು ಬೇರೆ. ತತ್ತ್ವ ಮಾತ್ರ ಇಲ್ಲಿಗೂ ಸಲ್ಲುತ್ತದೆ. ಅದರ ಅರ್ಥ ಎರಡು. ತುಳಿದು ಗಟ್ಟಿಯಾದ ದಾರಿಯಲ್ಲಿ ಮುನ್ನೂರು ಜನ ಸಾಲಾಗಿ ನಡೆದರೆ ಹೊಸ ಹಾನಿ ಕಡಿಮೆ. ಅದೇ ಹೊಸ ಹುಲ್ಲಿನ ಮೇಲೆ ಐವತ್ತು ಜನ ಚದರಿ ನಡೆದರೆ ಹಾನಿ ಹೆಚ್ಚು. ಅಂದಮೇಲೆ ಎಷ್ಟು ಜನ ಎಂಬ ಪ್ರಶ್ನೆಯ ಜೊತೆಗೆ ಎಲ್ಲಿ ಕಾಲಿಟ್ಟರು ಎಂಬ ಪ್ರಶ್ನೆಯೂ ಬೇಕು. ಎರಡನೆಯ ಪ್ರಶ್ನೆಯನ್ನು ಬುಕಿಂಗ್ ಜಾಲತಾಣ ಕೇಳುವುದಿಲ್ಲ. ಕೇಳಬೇಕಾದವನು ದಾರಿ ಕಾಯುವವನು. ಅಂಥವನನ್ನು ನಾವು ಇನ್ನೂ ನೇಮಿಸಿಲ್ಲ.

ಗಟ್ಟಿ ದಾರಿ ಎಂದರೆ ಏನು ಎಂಬುದಕ್ಕೆ ನಮ್ಮ ಹತ್ತಿರವೇ ಒಂದು ಸಾಕ್ಷಿ ಇದೆ. ಬೆಳ್ತಂಗಡಿಯ ಗಡಾಯಿಕಲ್ಲು, ಅಂದರೆ ಜಮಾಲಾಬಾದ್. ಟಿಪ್ಪು 1794ರಲ್ಲಿ ಅಲ್ಲಿ ಕೋಟೆ ಕಟ್ಟಿಸಿದ. ಬಂಡೆಯಲ್ಲೇ ಕಡಿದ ಮೆಟ್ಟಿಲು ಸಾವಿರಕ್ಕೂ ಮಿಕ್ಕಿ ಇವೆ. ಇನ್ನೂರು ಮಳೆಗಾಲ ಕಳೆದವು. ಲಕ್ಷಾಂತರ ಕಾಲು ಹತ್ತಿಳಿದವು. ಮೆಟ್ಟಿಲು ಸವೆದಿವೆ, ಪಾಚಿ ಕಟ್ಟಿ ಜಾರುತ್ತವೆ, ಆದರೆ ಆ ದಾರಿ ಕೊರಕಲಾಗಿಲ್ಲ. ಕಲ್ಲು ತಡೆದುಕೊಂಡಿತು. ಕುದುರೆಮುಖದ ಹುಲ್ಲಿಗೆ ಆ ಶಕ್ತಿ ಇಲ್ಲ.

ಇಷ್ಟು ಹೇಳಿದ ಮೇಲೆ ಆಕ್ಷೇಪಗಳು ಬರುತ್ತವೆ. ಬರಬೇಕು. ಮೊದಲನೆಯದು ಬಹಳ ಗಟ್ಟಿಯಾದದ್ದು. ಇದೇ ಕುದುರೆಮುಖದಲ್ಲಿ ದಶಕಗಟ್ಟಲೆ ಕಬ್ಬಿಣದ ಅದಿರು ಅಗೆದರು. ಅದಿರನ್ನು ನೀರಿನಲ್ಲಿ ಕದಡಿ, ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ನಮ್ಮ ಪಣಂಬೂರಿಗೆ ಹರಿಸಿದರು. ಈಗ ಎತ್ತಿನಹೊಳೆಯ ನೀರನ್ನು ಘಟ್ಟದಾಚೆಗೆ ಎತ್ತುತ್ತಿದ್ದಾರೆ. ಇಷ್ಟೆಲ್ಲ ನಡೆದಿರುವಾಗ ಪಾಪದ ಚಾರಣಿಗನ ಚಪ್ಪಲಿ ಹಿಡಿದುಕೊಂಡು ಏನು ಮಾತು ಎಂದು ಕೇಳಿದರೆ, ಕೋಪ ನ್ಯಾಯದ್ದೇ. ಒಂದು ಕಾಲುದಾರಿಯಿಂದ ನೇತ್ರಾವತಿ ಬತ್ತುತ್ತದೆ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಗಣಿಯ ಹೂಳಿಗೂ ದಾರಿಯ ಹೂಳಿಗೂ ಹೋಲಿಕೆಯೇ ಇಲ್ಲ. ಆದರೆ ಗಣಿ ನಿಂತದ್ದು ಹೇಗೆ ಎಂಬುದನ್ನೂ ನೆನಪಿಸಿಕೊಳ್ಳಿ. ಎಂಬತ್ತರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಆ ಕಾಡಿನಲ್ಲಿ ಸಿಂಗಳೀಕಗಳ ಸಮೀಕ್ಷೆ ಮಾಡಿದರು. 1987ರಲ್ಲಿ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ವನ್ಯಜೀವಿ ಸಂರಕ್ಷಕ ಕೆ. ಎಂ. ಚಿಣ್ಣಪ್ಪನವರು ಗಣಿಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2002ರಲ್ಲಿ ತೀರ್ಪು ಬಂತು. 2005ರ ಕೊನೆಗೆ ಗಣಿ ನಿಂತಿತು. ಕುದುರೆಮುಖವೂ ಪುಷ್ಪಗಿರಿಯೂ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಗಣಿಯ ವಿರುದ್ಧದ ವಾದದಲ್ಲಿ ಆ ಬೆಟ್ಟದ ಮಣ್ಣು ಬೆಲೆಯುಳ್ಳದ್ದು ಎಂಬ ಮಾತೂ ಇತ್ತು. ದೊಡ್ಡವರು ಅಗೆದಾಗ ಬೆಲೆಯುಳ್ಳ ಮಣ್ಣು, ನಾವು ತುಳಿದಾಗ ಬರೀ ಮಣ್ಣು ಆಗುವುದಿಲ್ಲ.

ಎರಡನೆಯ ಆಕ್ಷೇಪ ಇದಕ್ಕೆ ತಿರುಗುಮುರುಗು. ಹಾಗಾದರೆ ಪೂರ್ತಿ ಮುಚ್ಚಿಬಿಡಿ, ಬೆಟ್ಟ ತನ್ನಷ್ಟಕ್ಕೆ ಇರಲಿ. ಪರಿಸರದ ಬಗ್ಗೆ ಕಾಳಜಿ ಇರುವ ಕೆಲವರು ಹೀಗೆ ಹೇಳುತ್ತಾರೆ. ಇದನ್ನು ಒಪ್ಪಲು ನನಗೆ ಎರಡು ಅಡ್ಡಿ. ಕುಮಾರ ಪರ್ವತ ಬರೀ ಚಾರಣದ ಜಾಗವಲ್ಲ. ತಾರಕನನ್ನು ಕೊಂದ ಮೇಲೆ ಕುಮಾರಸ್ವಾಮಿ ಬಂದ ಬೆಟ್ಟ ಎಂದು ನಂಬಿ ಹತ್ತುವ ಭಕ್ತರಿದ್ದಾರೆ. ಸಂಸೆ, ಬಾಳೆಗಲ್ ಕಡೆ ಜೀಪು ಓಡಿಸಿ, ಚಾರಣಿಗರಿಗೆ ಊಟ ಹಾಕಿ ಬದುಕುವ ಮನೆಗಳಿವೆ. ಇನ್ನೊಂದು ಅಡ್ಡಿ ಮಣ್ಣಿನದ್ದೇ. ಒಮ್ಮೆ ಕೊರೆದ ದಾರಿ ಬಾಗಿಲು ಹಾಕಿದ ಮಾತ್ರಕ್ಕೆ ಗುಣವಾಗುವುದಿಲ್ಲ. ಮನುಷ್ಯ ನಡೆಯದಿದ್ದರೂ ಮಳೆಗಾಲದ ನೀರು ಅದೇ ಕೊರಕಲಿನಲ್ಲಿ ನಡೆಯುತ್ತದೆ. ತೋಟ ಪಾಳುಬಿಟ್ಟರೆ ಕಣಿ ತಾನಾಗಿ ಸರಿಹೋದದ್ದನ್ನು ಯಾರಾದರೂ ಕಂಡಿದ್ದೀರಾ? ಮುಚ್ಚಿದರೂ ಸರಿ, ತೆರೆದರೂ ಸರಿ, ಕೈ ಹಾಕಿ ರಿಪೇರಿ ಮಾಡಲೇಬೇಕು.

ರಿಪೇರಿ ಎಂದಕೂಡಲೇ ಮೂರನೆಯ ಭಯ ಹುಟ್ಟುತ್ತದೆ. ಇದು ನನಗೂ ಇರುವ ಭಯ. ದಾರಿ ಅಭಿವೃದ್ಧಿ ಎಂಬ ಹೆಸರಿನಲ್ಲಿ ಜೆಸಿಬಿ ಬಂದರೆ? ಸಿಮೆಂಟು ಮೆಟ್ಟಿಲು, ಸ್ಟೀಲು ಕಂಬಿ, ಕೊನೆಗೆ ತುದಿಯಲ್ಲಿ ಒಂದು ಚಾ ಅಂಗಡಿ? 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಎಷ್ಟು ಕಡೆ ಕುಸಿಯಿತು ಎಂಬುದು ಎಲ್ಲರಿಗೂ ಗೊತ್ತು. ಗುಡ್ಡದ ಮೈ ಅಗೆದರೆ ಗುಡ್ಡ ಲೆಕ್ಕ ಕೇಳುತ್ತದೆ. ನಾನು ಹೇಳುವ ರಿಪೇರಿಗೆ ಬೇಕಾದದ್ದು ಹಾರೆ, ಗುದ್ದಲಿ ಮತ್ತು ಅಲ್ಲೇ ಬಿದ್ದಿರುವ ಕಲ್ಲು. ದಾರಿಗೆ ಓರೆಯಾಗಿ ಒಂದು ಉದ್ದ ಕಲ್ಲನ್ನು ಮುಕ್ಕಾಲು ಭಾಗ ಹೂಳಿ ನಿಲ್ಲಿಸುವುದು. ಮೇಲಿನಿಂದ ಓಡಿ ಬಂದ ನೀರು ಅದಕ್ಕೆ ತಾಗಿ ಬದಿಯ ಹುಲ್ಲಿಗೆ ತಿರುಗುತ್ತದೆ. ಹತ್ತಿಪ್ಪತ್ತು ಹೆಜ್ಜೆಗೆ ಇನ್ನೊಂದು ಕಲ್ಲು. ನೀರಿಗೆ ವೇಗ ಬರುವ ಮೊದಲೇ ಅದನ್ನು ದಾರಿಯಿಂದ ಹೊರಗೆ ಕಳಿಸಿದರಾಯಿತು. ಕವಲು ದಾರಿಗಳ ಬಾಯಿಗೆ ಮುಳ್ಳು, ಸೊಪ್ಪು ಅಡ್ಡ ಹಾಕುವುದು. ತೀರ ನೆಟ್ಟಗಿನ ತುಂಡುಗಳನ್ನು ಬಿಟ್ಟು, ಗುಡ್ಡದ ಹೊಟ್ಟೆಗೆ ಅಡ್ಡವಾಗಿ ಒಂದು ಸುತ್ತು ತೆಗೆಯುವುದು. ಇಷ್ಟೇ ಕೆಲಸ. ಆದರೆ ಇದು ಪ್ರತಿ ವರ್ಷದ ಕೆಲಸ.

ಈಗ ಕೊನೆಯ ಪ್ರಶ್ನೆ. ಮಾಡುವವರು ಯಾರು, ಹಣ ಎಲ್ಲಿಂದ? ಹೊರಗಿನ ಎರಡು ಉದಾಹರಣೆ ಹೇಳುತ್ತೇನೆ. ಪೆರು ದೇಶದ ಇಂಕಾ ದಾರಿಯಲ್ಲಿ ದಿನಕ್ಕೆ 500 ಜನರ ಮಿತಿ, ಹೊರೆ ಹೊರುವವರೂ ಸೇರಿ. ಎಣಿಕೆ ಅಲ್ಲೂ ಇದೆ. ಅದರ ಜೊತೆಗೆ ಪ್ರತಿ ಫೆಬ್ರವರಿ ದಾರಿಯನ್ನು ಪೂರ್ತಿ ಮುಚ್ಚಿ ರಿಪೇರಿ ಮಾಡುತ್ತಾರೆ. ಅಮೆರಿಕದ ಅಪಲೇಶಿಯನ್ ದಾರಿ 3,500 ಕಿಲೋಮೀಟರ್ ಉದ್ದ. ಅದನ್ನು ನೋಡಿಕೊಳ್ಳುವುದು ಬಹುಮಟ್ಟಿಗೆ ಊರೂರಿನ ಚಾರಣ ಸಂಘಗಳ ಸ್ವಯಂಸೇವಕರು. ಒಂದೊಂದು ತುಂಡು ಒಂದೊಂದು ಸಂಘದ ಪಾಲಿಗೆ. ಇದೇನೂ ನಮಗೆ ಹೊಸ ವಿದ್ಯೆ ಅಲ್ಲ. ತುಳುನಾಡಿನಲ್ಲಿ ಮಳೆ ಬಿಟ್ಟ ಮೇಲೆ ತೋಡಿಗೆ ಕಟ್ಟ ಕಟ್ಟುವ ಪದ್ಧತಿ ಇದೆ. ಕಲ್ಲು, ಮಣ್ಣು, ಸೊಪ್ಪು, ಅಡಿಕೆ ಮರದ ಸಲಾಕೆ. ಮುಂದಿನ ಮಳೆಗೆ ಕಟ್ಟ ಕೊಚ್ಚಿಹೋಗುತ್ತದೆ. ಮರುವರ್ಷ ಮತ್ತೆ ಕಟ್ಟುತ್ತಾರೆ. ನೀರು ಬೇಕಾದವರೆಲ್ಲ ಒಂದು ದಿನ ಕೈಜೋಡಿಸುತ್ತಾರೆ. ಬೆಟ್ಟದ ದಾರಿಗೂ ಇದೇ ಲೆಕ್ಕ ಸಾಕು. ಚಾರಣಿಗರು ಕಟ್ಟುವ ನೂರಾರು ರೂಪಾಯಿ ಶುಲ್ಕದಲ್ಲಿ ಒಂದು ಪಾಲನ್ನು ಆಯಾ ದಾರಿಗೇ ಮೀಸಲಿಡಲಿ. ಮಳೆಗಾಲಕ್ಕೆ ಮೊದಲು ಒಂದು ವಾರ, ಮಳೆ ಬಿಟ್ಟ ಮೇಲೆ ಒಂದು ವಾರ, ಬುಡದ ಊರಿನವರಿಗೆ ಸಂಬಳ ಕೊಟ್ಟು ಕೆಲಸ ಮಾಡಿಸಲಿ. ನೀರಿನ ನಡೆ ಅವರಿಗೆ ಗೊತ್ತು. ಶುಲ್ಕ ಭಾರವಾಯಿತು ಎನ್ನುವ ವಿದ್ಯಾರ್ಥಿಗಳ ಮಾತಿನಲ್ಲೂ ಹುರುಳಿದೆ. ಅವರಿಗೊಂದು ದಾರಿ ಇದೆ. ಇಲಾಖೆಯ ಮೇಲ್ವಿಚಾರಣೆಯಲ್ಲಿ ಒಂದು ದಿನ ಕಲ್ಲು ಹೊತ್ತವನಿಗೆ ಆ ವರ್ಷ ಶುಲ್ಕ ಬೇಡ. ಮಂಗಳೂರಿನ ಕಾಲೇಜುಗಳ ಎನ್ನೆಸ್ಸೆಸ್ ಶಿಬಿರಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಬೇಕೆ?

ಪ್ಲಾಸ್ಟಿಕ್ಕಿನ ಬಗ್ಗೆ ನಾನು ಮಾತೇ ಎತ್ತಲಿಲ್ಲ ಎಂದು ನಿಮಗೆ ಅನಿಸಿರಬಹುದು. ಬೇಕೆಂದೇ ಬಿಟ್ಟೆ. ಬಾಟಲಿ ಬಿಸಾಡಬೇಡಿ ಎಂದು ಚೆಕ್‌ಪೋಸ್ಟಿನಲ್ಲೇ ಹೇಳುತ್ತಾರೆ, ಬ್ಯಾಗು ನೋಡುತ್ತಾರೆ. ಬಿಸಾಡಿದ ಬಾಟಲಿಯನ್ನು ಇನ್ನೊಬ್ಬ ಹೆಕ್ಕಿ ತರಬಹುದು. ಕೊಚ್ಚಿಹೋದ ಕಪ್ಪು ಮಣ್ಣನ್ನು ತುಂಬೆಯಿಂದ ಹೆಕ್ಕಿ ಬೆಟ್ಟಕ್ಕೆ ಹೊರಲು ಯಾರಿಂದಲೂ ಆಗದು.

ಇಲಾಖೆ ಮಾಡಬೇಕಾದದ್ದು ಆಯಿತು, ಊರಿನವರು ಮಾಡಬೇಕಾದದ್ದೂ ಆಯಿತು. ಉಳಿದದ್ದು ನೀವು. ಮಳೆ ಕಳೆದು ದಾರಿ ತೆರೆದಾಗ ನಿಮ್ಮಲ್ಲಿ ಕೆಲವರು ಬುಕ್ ಮಾಡಿ ಹೊರಡುತ್ತೀರಿ. ಅಕ್ಟೋಬರಿನಲ್ಲಿ ಉಂಬಳ ಇನ್ನೂ ಹೋಗಿರುವುದಿಲ್ಲ. ದಾರಿಯಲ್ಲಿ ಕೆಸರಿರುತ್ತದೆ. ಬದಿಯ ಹುಲ್ಲು ಮೆತ್ತಗೆ, ಕರೆಯುವಂತಿರುತ್ತದೆ. ಆಗ ಬೂಟು ಹಾಳಾದರೂ ಚಿಂತೆ ಇಲ್ಲ, ದಯವಿಟ್ಟು ಕೆಸರಿನಲ್ಲೇ, ದಾರಿಯ ನಡುವೆಯೇ, ಒಬ್ಬರ ಹಿಂದೆ ಒಬ್ಬರು ನಡೆಯಿರಿ.